ಸಂಕ ದಾಟಿ ಬಂದ ಟಿವಿ

ನಮ್ಮ ಮನೆ ಶಿರಸಿಯಿಂದ ಹದಿನೆಂಟು ಕಿಲೋಮೀಟರ್. ಡಾಂಬರು ರಸ್ತೆ ಮುಗಿದ ಮೇಲೆ ತೋಟದ ಅಂಚಿನ ದಾರಿ, ಆಮೇಲೆ ಹಳ್ಳ, ಹಳ್ಳಕ್ಕೊಂದು ಸಂಕ. ಎರಡು ದಿಮ್ಮಿ, ಮೇಲೆ ಅಡಿಕೆ ದಬ್ಬೆ, ಹಿಡಿದುಕೊಳ್ಳಲು ಒಂದೇ ಬದಿಗೆ ಬಿದಿರು. ಬೇಸಿಗೆಯಲ್ಲಿ ಜೀಪು ಹಳ್ಳಕ್ಕಿಳಿದು ಹತ್ತುತ್ತದೆ. ಮಳೆಗಾಲ ಶುರುವಾದರೆ ದೀಪಾವಳಿವರೆಗೆ ಸಂಕವೇ ಗತಿ. ದೊಡ್ಡ ಟಿವಿಗೆ ದೊಡ್ಡ ರಿಯಾಯಿತಿ ಬರುವುದೂ ಸರಿಯಾಗಿ ಆಗಲೇ, ದಸರಾ ದೀಪಾವಳಿ ಹೊತ್ತಿಗೆ.

ನಾನು ಇಲ್ಲಿವರೆಗೆ ಎರಡು ದೊಡ್ಡ ಟಿವಿ ತಂದಿದ್ದೇನೆ. 2021ರಲ್ಲಿ 55 ಇಂಚಿನದು, ಆನ್‌ಲೈನ್‌ನಲ್ಲಿ. 2025ರಲ್ಲಿ 65 ಇಂಚಿನದು, ಶಿರಸಿ ಪೇಟೆಯ ಅಂಗಡಿಯಲ್ಲಿ. ಎರಡೂ ಸಂಕ ದಾಟಿಯೇ ಬಂದವು. ದಾಟಿದ ರೀತಿ ಮಾತ್ರ ಬೇರೆ ಬೇರೆ.

ಮೊದಲನೆಯದರ ಕತೆ. ಅಪ್ಪಯ್ಯನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ರಾತ್ರಿ ಯೂಟ್ಯೂಬಿನಲ್ಲಿ ಯಕ್ಷಗಾನ ಹಾಕಿಕೊಂಡು ಕೂರುವುದು ಅವನ ಅಭ್ಯಾಸ. "ಮುಖವರ್ಣಿಕೆನೇ ಕಾಣ್ತಿಲ್ಲೆ" ಎಂದು 32 ಇಂಚಿನ ಟಿವಿಗೆ ದಿನವೂ ಬೈಗುಳ. ಆನ್‌ಲೈನ್‌ನಲ್ಲಿ 55 ಇಂಚಿನದು 42 ಸಾವಿರ. ಪೇಟೆಯಲ್ಲಿ ಕೇಳಿದರೆ 48. ಆರು ಸಾವಿರ ಉಳಿಯುತ್ತದಲ್ಲ ಎಂದು ರಾತ್ರಿ ಹನ್ನೆರಡಕ್ಕೆ ಬುಕ್ ಮಾಡಿದೆ.

ಗಾಡಿ ಬಂದದ್ದು ಮೇನ್ ರೋಡಿನ ಬಸ್ ಸ್ಟಾಪಿಗೆ. ಹುಡುಗ ಒಬ್ಬನೇ. ಟಿವಿ ಬಾಕ್ಸು ಅಡ್ಡ ಮಲಗಿತ್ತು, ಅದರ ಮೇಲೆ ಬೇರೆ ಯಾರದೋ ಮಿಕ್ಸರ್, ಚಪ್ಪಲಿ ಪೆಟ್ಟಿಗೆಗಳು. ಟಿವಿಯನ್ನು ಯಾವತ್ತೂ ನಿಲ್ಲಿಸಿಯೇ ಸಾಗಿಸಬೇಕು. ಪ್ಯಾನೆಲ್ಲು ತೆಳು ಗಾಜು, ಅಡ್ಡ ಮಲಗಿಸಿದರೆ ನಡುವೆ ಆಧಾರ ಇರುವುದಿಲ್ಲ, ಒಂದು ಗುಂಡಿ ಸಾಕು. ಆಗ ನನಗೆ ಅದು ಗೊತ್ತಿರಲಿಲ್ಲ. "ಸರ್, ಒಟಿಪಿ ಹೇಳಿ, ಲೇಟಾಯ್ತು" ಅಂದ. ಹೇಳಿಬಿಟ್ಟೆ. ನಾನು, ಪಕ್ಕದ ಮನೆಯವನು, ತೋಟಕ್ಕೆ ಬಂದಿದ್ದ ಇಬ್ಬರು ಆಳುಗಳು ಸೇರಿ, ಮಳೆಗೆ ಪ್ಲಾಸ್ಟಿಕ್ ಹೊದೆಸಿ, ಸಂಕ ದಾಟಿಸಿದೆವು.

ಬಾಕ್ಸ್ ನಾವೇ ತೆರೆಯುವ ಹಾಗಿಲ್ಲ, ಕಂಪನಿಯವರೇ ಬರಬೇಕು ಎಂದು ಮೇಲೆ ಸ್ಟಿಕ್ಕರ್. ಟೆಕ್ನೀಷಿಯನ್ ಬರಬೇಕಾದ್ದು ಹುಬ್ಬಳ್ಳಿಯಿಂದ, ನೂರು ಕಿಲೋಮೀಟರ್ ಹತ್ತಿರ. ಆರನೇ ದಿನ ಬಂದ. ತೆರೆದು ಆನ್ ಮಾಡಿದರೆ ಎಡಗಡೆ ಕೆಳಮೂಲೆಯಲ್ಲಿ ಶಾಯಿ ಚೆಲ್ಲಿದ ಹಾಗೆ ಕಪ್ಪು, ಅಲ್ಲಿಂದ ಮೇಲಕ್ಕೆ ಒಂದು ಗೀರು. ಒಡೆದ ಪ್ಯಾನೆಲ್ಲು.

ಬದಲಿಸಿ ಕೊಡುವ ಗಡುವು ಹತ್ತು ದಿನ. ಅದರಲ್ಲಿ ಆರು ದಿನ ಬರೀ ಕಾಯುವುದರಲ್ಲೇ ಹೋಗಿತ್ತು. ಗಾಡಿಯಲ್ಲಿ ಒಡೆಯಿತೋ, ಸಂಕದ ಮೇಲೆ ನಾವೇ ಒಡೆದೆವೋ? ಮಾರಿದವರು ಕೇಳಿದ್ದು ಅದನ್ನೇ. ನನ್ನ ಹತ್ತಿರ ಗಾಡಿಯಿಂದ ಇಳಿಸುವಾಗಿನ ಒಂದು ಫೋಟೋ ಕೂಡ ಇರಲಿಲ್ಲ. ಫೋನ್, ಚಾಟು, ಮತ್ತೆ ಫೋನ್. ಕೊನೆಗೆ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆ. ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲಿದೆ. ಮಾರಿದವರು ಯಾವ ಊರಿನವರೇ ಆಗಲಿ, 2019ರ ಕಾಯ್ದೆ ಪ್ರಕಾರ ನಾವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಐದು ಲಕ್ಷದ ಒಳಗಿನ ಖರೀದಿಗೆ ಶುಲ್ಕವೂ ಇಲ್ಲ. ಅದನ್ನೂ ಚಾಟಿನಲ್ಲಿ ಬರೆದೆ. ಇಪ್ಪತ್ಮೂರನೇ ದಿನಕ್ಕೆ ಬೇರೆ ಟಿವಿ ಬಂತು. ಈ ಸಲ ಬಾಕ್ಸಿನ ನಾಲ್ಕೂ ಮೂಲೆಯ ಫೋಟೋ ತೆಗೆದೇ ಒಟಿಪಿ ಕೊಟ್ಟೆ. ಹುಡುಗ ಮುಖ ಗಂಟು ಹಾಕಿಕೊಂಡ. ಹಾಕಿಕೊಳ್ಳಲಿ.

ಆ ಟಿವಿ ಚೆನ್ನಾಗಿಯೇ ನಡೆಯಿತು. ಸುಳ್ಳು ಹೇಳಬಾರದು. 2025ರ ಮೇ ತಿಂಗಳ ಒಂದು ಸಂಜೆ ಸಿಡಿಲಿಗೆ ಬೋರ್ಡು ಹೋಯಿತು. ಸ್ಟೆಬಿಲೈಸರ್ ಇತ್ತು, ಪ್ಲಗ್ಗೂ ಕಿತ್ತಿದ್ದೆವು. ಬಂದದ್ದು ಡಿಶ್ ಕೇಬಲ್ಲಿನಿಂದ. ಡಿಶ್ಶಿನ ಕೊಡೆಯಿಂದ ಸೆಟ್ ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ತಂತಿಯಲ್ಲಿ ಟಿವಿಗೆ. ಸಿಡಿಲಿಗೆ ವಾರಂಟಿ ಎಲ್ಲಿಂದ ಕೊಂಡರೂ ಇಲ್ಲ. ರಿಪೇರಿಗೆ 14 ಸಾವಿರ ಕೇಳಿದರು. ಬಿಟ್ಟೆ.

ಆ ವರ್ಷ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಹತ್ತು ಪರ್ಸೆಂಟ್ ಇಳೀತು, ಬೆಲೆಯೂ ಅಷ್ಟೇ ಇಳೀಬೇಕು ಎಂದು ಪಕ್ಕದ ಮನೆಯವನು ವಾದ ಮಾಡಿದ. ಹಾಗಲ್ಲ. ಮೂಲ ಬೆಲೆ 50 ಸಾವಿರ ಇದ್ದರೆ ಮೊದಲು ಬಿಲ್ಲು 64 ಸಾವಿರ, ಈಗ 59. ಅಂದರೆ ನೂರಕ್ಕೆ ಎಂಟು ರೂಪಾಯಿಯೂ ಇಲ್ಲ. ಆದರೂ ಐದು ಸಾವಿರ ಅಲ್ವಾ? 65 ಇಂಚಿಗೆ ಆಸೆ ಹುಟ್ಟಿತು.

ಈ ಸಲ ಮೊದಲು ಮಾಡಿದ ಕೆಲಸ ಗೋಡೆಗೆ ಹಳೇ ಪೇಪರ್ ಅಂಟಿಸಿದ್ದು. 65 ಇಂಚು ಎಂದರೆ ಮೂಲೆಯಿಂದ ಮೂಲೆಗೆ. ಅಗಲ ನಾಲ್ಕು ಮುಕ್ಕಾಲು ಅಡಿ ಹತ್ತಿರ, ಎತ್ತರ ಎರಡೂಮುಕ್ಕಾಲಿಗೆ ಸ್ವಲ್ಪ ಕಮ್ಮಿ. 55ಕ್ಕಿಂತ ಹತ್ತೇ ಇಂಚು ಜಾಸ್ತಿ ಅನ್ನಿಸುತ್ತದೆ, ಪರದೆಯ ಜಾಗ ಮಾತ್ರ ನೂರಕ್ಕೆ ನಲವತ್ತು ಜಾಸ್ತಿ. ಜಗಲಿಯಲ್ಲಿ ಕೂರುವ ಜಾಗದಿಂದ ಗೋಡೆಗೆ ಹತ್ತಡಿ. ಸರಿಹೋಗುತ್ತದೆ. "ಎಂತಕ್ಕೋ ಇಷ್ಟು ದೊಡ್ಡದು?" ಎಂದು ಆಯಿ ಪೇಪರ್ ನೋಡಿಯೇ ಕೇಳಿದಳು.

ಪೇಟೆಯಲ್ಲಿ ಮೂರು ಅಂಗಡಿ ಸುತ್ತಿದೆ. ಒಂದು ಕಡೆ ಹಳೇ ಮಾಡೆಲ್ಲನ್ನು ಈ ವರ್ಷದ್ದು ಎಂದು ತೋರಿಸಿದರು. ಅಲ್ಲೇ, ಬಿಲ್ ಬೇಡ ಅಂದರೆ ಎರಡು ಸಾವಿರ ಬಿಡ್ತೇವೆ ಅಂದರು. ಜಿಎಸ್‌ಟಿ ಬಿಲ್ಲು ಇಲ್ಲದೆ, ಅದರಲ್ಲಿ ಸೀರಿಯಲ್ ನಂಬರ್ ಇಲ್ಲದೆ ವಾರಂಟಿ ಕೇಳುವುದು ಹೇಗೆ? ಊರಿನವರು ಎಂದ ಮಾತ್ರಕ್ಕೆ ಎಲ್ಲರೂ ಸಾಚಾ ಅಲ್ಲ.

ಮೂರನೇ ಅಂಗಡಿಯಲ್ಲಿ ಮೊಬೈಲ್ ತೆಗೆದು ಆನ್‌ಲೈನ್ ಬೆಲೆ ತೋರಿಸಿದೆ, 61,990. ಮಾಲೀಕರು ಕನ್ನಡಕ ಏರಿಸಿ ನೋಡಿದರು. "ಮಾಡೆಲ್ ನಂಬರ್ ಪೂರ್ತಿ ಓದಿ ಮಾರಾಯ್ರೆ" ಅಂದರು. ಓದಿದೆ. ಕೊನೆಯ ಎರಡು ಅಕ್ಷರ ಬೇರೆ. ಕಂಪನಿ ಅದೇ, ಅಳತೆ ಅದೇ, ಟಿವಿ ಬೇರೆ. ಆನ್‌ಲೈನಿಗೆಂದೇ ಬೇರೆ ಮಾಡೆಲ್ ಬಿಡುವುದಿದೆ. ಒಂದರಲ್ಲಿ ಸ್ಪೀಕರ್ ಕಮ್ಮಿ, ಇನ್ನೊಂದರಲ್ಲಿ ಎಚ್‌ಡಿಎಂಐ ತೂತು ಕಮ್ಮಿ. ಬರೀ ಬೆಲೆ ಹೋಲಿಸಿದರೆ ಅದು ಕಾಣುವುದಿಲ್ಲ. ಸರಿಯಾದ ಮಾಡೆಲ್ ಹುಡುಕಿದಾಗ ಆನ್‌ಲೈನ್‌ನಲ್ಲೂ 63 ಇತ್ತು. ಅವರು 66,500 ಹೇಳಿದ್ದರು, 64,500ಕ್ಕೆ ಬಂದರು. ಹಾಳಾದ ಹಳೇ ಟಿವಿಗೆ 1,500. ಆನ್‌ಲೈನ್ ಎಕ್ಸ್‌ಚೇಂಜಿಗೆ ಟಿವಿ ಆನ್ ಆಗಲೇಬೇಕಿತ್ತು, ನನ್ನದು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಅಂಗಡಿಯ ಟಿವಿಗಳೆಲ್ಲ ಹೊಳೆಯುತ್ತಿರುತ್ತವೆ, ವಿವಿಡ್ ಮೋಡಿನಲ್ಲಿ ಗಿಳಿ, ಹೂವು, ಜಲಪಾತ. ನಾನು ರಿಮೋಟ್ ಇಸ್ಕೊಂಡು ಸಿನಿಮಾ ಮೋಡಿಗೆ ಹಾಕಿ, ಯಕ್ಷಗಾನದ ಒಂದು ವಿಡಿಯೋ ಹಚ್ಚಿಸಿದೆ. ಆಮೇಲೆ ಪಕ್ಕಕ್ಕೆ ಸರಿದು, ಓರೆಯಿಂದ ನೋಡಿದೆ. ಅಪ್ಪಯ್ಯನ ಆರಾಮ ಕುರ್ಚಿ ಇರುವುದು ಜಗಲಿಯ ಮೂಲೆಯಲ್ಲಿ, ಅವನು ಅದನ್ನು ಸರಿಸಲು ಬಿಡುವವನಲ್ಲ. ಪ್ಯಾನೆಲ್ಲಿನಲ್ಲಿ ವಿಎ, ಐಪಿಎಸ್ ಎಂದು ಬೇರೆ ಬೇರೆ ಜಾತಿ. ವಿಎ ಪ್ಯಾನೆಲ್ಲಿನಲ್ಲಿ ಕಪ್ಪು ಚೆನ್ನಾಗಿ ಕಾಣುತ್ತದೆ, ಓರೆಯಿಂದ ಬಣ್ಣ ಮಾಸುತ್ತದೆ. ಐಪಿಎಸ್‌ನಲ್ಲಿ ಕಪ್ಪು ಸ್ವಲ್ಪ ಬೂದು, ಓರೆಯಿಂದ ಬಣ್ಣ ಉಳಿಯುತ್ತದೆ. ಇದನ್ನು ಆನ್‌ಲೈನ್‌ನಲ್ಲಿ ಎಷ್ಟು ರಿವ್ಯೂ ಓದಿದರೂ ನನ್ನ ಅಪ್ಪಯ್ಯನ ಕುರ್ಚಿಯ ಲೆಕ್ಕಕ್ಕೆ ಯಾರೂ ಹೇಳುವುದಿಲ್ಲ. ಐಪಿಎಸ್ ತಗೊಂಡೆ. ಆ ಅಳತೆಯಲ್ಲಿ ಅಂಗಡಿಯಲ್ಲಿದ್ದದ್ದು ನಾಲ್ಕೇ ಮಾಡೆಲ್, ಅದೂ ನಿಜ. ಆನ್‌ಲೈನ್‌ನಲ್ಲಿ ನೋಡಿ ಮುಗಿಯದಷ್ಟು.

ಮರುದಿನ ಅವರದೇ ಪಿಕಪ್, ಇಬ್ಬರು ಹುಡುಗರು. ಬಾಕ್ಸು ನಿಂತೇ ಬಂತು, ಹಗ್ಗ ಕಟ್ಟಿಕೊಂಡು. ಸಂಕ ನೋಡಿ ಒಬ್ಬ ಚಪ್ಪಲಿ ಬಿಚ್ಚಿದ. ಮನೆಯಲ್ಲಿ ನನ್ನೆದುರೇ ತೆರೆದರು. ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು, ಒಂದೊಂದೇ ಬಣ್ಣ ಪರದೆ ತುಂಬ ಹಾಕಿ ಕೆಟ್ಟ ಚುಕ್ಕೆ ಇದೆಯೋ ಎಂದು ಹುಡುಕಿದೆ. ಇರಲಿಲ್ಲ. ಆಮೇಲೇ ಬಾಕಿ ಹಣ ಕೊಟ್ಟೆ.

ಗೋಡೆಗೆ ಹೊಡೆಯುವಾಗ ತಕರಾರು ಬಂತು. ನಮ್ಮದು ಹಳೇ ಮಣ್ಣಿನ ಗೋಡೆ. ಹುಡುಗ ಬೆರಳಿನಿಂದ ತಟ್ಟಿ ನೋಡಿ "ಇಲ್ಲ ಸರ್, ಇಪ್ಪತ್ತು ಕೆಜಿ ಇದು ಹಿಡಿಯೋದಿಲ್ಲ" ಅಂದ. ಡ್ರಿಲ್ ಹೊರಗೆ ತೆಗೆಯಲೇ ಇಲ್ಲ. ಟಿವಿಯ ಕಾಲುಗಳು ಎರಡು ತುದಿಗೆ ಇರುವುದರಿಂದ ನಮ್ಮ ಮೇಜು ಸಾಲಲಿಲ್ಲ. ಎರಡು ದಿನ ಭತ್ತದ ಪೆಟ್ಟಿಗೆ ಮೇಲೆ ಇಟ್ಟುಕೊಂಡೆವು. ಬಡಿಗ ಬಂದು ಐದಡಿ ಹಲಸಿನ ಹಲಗೆಯ ಬೆಂಚು ಮಾಡಿಕೊಟ್ಟ.

ಬೆಂಗಳೂರಿನ ಭಾವ ಫೋನಿನಲ್ಲಿ ನಕ್ಕ, "ಒಂದೂವರೆ ಸಾವಿರ ಸುಮ್ನೆ ಜಾಸ್ತಿ ಕೊಟ್ಯಲೋ" ಎಂದು. ಅವನ ಮನೆಗೆ ಲಿಫ್ಟ್ ಇದೆ, ಮರುದಿನವೇ ಟೆಕ್ನೀಷಿಯನ್ ಬರುತ್ತಾನೆ. ಅವನ ಲೆಕ್ಕ ಅವನಿಗೆ ಸರಿ. ನಾನೂ ಸೌಂಡ್‌ಬಾರನ್ನು ಆನ್‌ಲೈನ್‌ನಲ್ಲೇ ತರಿಸಿದೆ. ಅದನ್ನು ಹೆಗಲ ಮೇಲೆ ಒಬ್ಬನೇ ಹೊತ್ತು ಸಂಕ ದಾಟಬಹುದು.

ಹೋಗುವಾಗ ಆ ಹುಡುಗ ಸೆಟ್ ಟಾಪ್ ಬಾಕ್ಸಿನ ಹಿಂದೆ ಡಿಶ್ ಕೇಬಲ್ಲು ಯಾವುದು ಎಂದು ಆಯಿಗೆ ತೋರಿಸಿ, ಬಿಚ್ಚುವುದು ಹೇಗೆ ಎಂದು ಎರಡು ಸಲ ಮಾಡಿಸಿದ. ಈಗ ಗುಡುಗು ಕೇಳಿದರೆ ಆಯಿ ಮೊದಲು ಅದನ್ನು ಬಿಚ್ಚುತ್ತಾಳೆ, ಆಮೇಲೆ ಪ್ಲಗ್ಗು, ಆಮೇಲೆ ಅಂಗಳದ ಹಪ್ಪಳ. ಯಕ್ಷಗಾನ ಅರ್ಧಕ್ಕೆ ನಿಂತಿತು ಎಂದು ಅಪ್ಪಯ್ಯ ಮೂಲೆಯಿಂದ ಕೂಗುತ್ತಿರುತ್ತಾನೆ.