ಕಳ್ಳಿ ಗಿಡಕ್ಕೆ ನೀರು ಹಾಕುವ ಮುಂಚೆ ಕಡ್ಡಿ ಚುಚ್ಚಿ ನೋಡಿ
ದಿನಾ ಒಂದು ಲೋಟ ನೀರು ಹಾಕಿ ಎರಡು ಕಳ್ಳಿ ಗಿಡ ಕೊಂದವಳು ನಾನು. ಎರಡೂ ಬುಡ ಕೊಳೆತು ಮೆತ್ತಗಾಗಿ ಹೋದವು.

ಈಗ ವಾರದ ಲೆಕ್ಕ ಇಟ್ಟುಕೊಳ್ಳುವುದಿಲ್ಲ. ಒಣ ಮರದ ಕಡ್ಡಿಯೊಂದನ್ನು ಕುಂಡದ ತಳದವರೆಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತೇನೆ. ಹಸಿ ಮಣ್ಣು ಅಂಟಿಕೊಂಡು ಬಂದರೆ ನೀರು ಬೇಡ. ಒಣಗಿಯೇ ಬಂದರೆ ತಳದ ತೂತಿನಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ಸುಮ್ನೆ ಮೇಲೆ ಚಿಮುಕಿಸಿದರೆ ಬೇರಿಗೆ ತಲುಪುವುದಿಲ್ಲ. ಚಳಿಗಾಲದಲ್ಲಿ ಗಿಡ ಬೆಳೆಯುವುದೇ ಕಡಿಮೆ, ಆಗ ನೀರೂ ಅಪರೂಪಕ್ಕೆ ಸಾಕು.

ತೂತಿಲ್ಲದ ಪಿಂಗಾಣಿ ಕುಂಡ ನೋಡೋಕೆ ಚಂದ, ಅಲ್ವಾ? ಆಸೆ ಬಿಡಿ. ಮಣ್ಣಿನ ಕುಂಡ ಬೇಗ ಒಣಗುತ್ತದೆ. ಮಣ್ಣಿಗೆ ಅರ್ಧದಷ್ಟು ದಪ್ಪ ಮರಳೋ ಸಣ್ಣ ಜಲ್ಲಿಯೋ ಬೆರೆಸಿ.

ತುದಿ ಸಣಕಲಾಗಿ, ತಿಳಿ ಹಸಿರಾಗಿ ಉದ್ದ ಬೆಳೆಯುತ್ತಿದ್ದರೆ ಬೆಳಕು ಸಾಲುತ್ತಿಲ್ಲ. ಹಾಗಂತ ಒಮ್ಮೆಗೇ ಸುಡುಬಿಸಿಲಿಗೆ ಇಟ್ಟರೆ ಸಿಪ್ಪೆ ಸುಟ್ಟು ಕಲೆ ಬೀಳುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ಹತ್ತು ದಿನ ಸ್ವಲ್ಪ ಸ್ವಲ್ಪವೇ ಬಿಸಿಲಿಗೆ ರೂಢಿ ಮಾಡಿಸಿ.

ಕುಂಡ ಬದಲಿಸುವಾಗ ಹಳೆ ಪೇಪರನ್ನು ಪಟ್ಟಿಯ ಹಾಗೆ ಮಡಚಿ, ಗಿಡಕ್ಕೆ ಸುತ್ತಿ ಹಿಡಿಯಿರಿ. ಆಮೇಲೆ ಒಂದು ವಾರ ನೀರು ಬೇಡ, ಬೇರಿನ ಗಾಯ ಒಣಗಲಿ.