ಹಳೇ ಜೀಪಿಗೆ ಸ್ಪಾರ್ಕ್ ಬರದಿದ್ದರೆ ಕಾಯಿಲಿನಿಂದ ಹುಡುಕಿ

ಸೆಲ್ಫ್ ಹೊಡೆದರೆ ಇಂಜಿನ್ ಚೆನ್ನಾಗಿಯೇ ತಿರುಗುತ್ತದೆ, ಪೆಟ್ರೋಲ್ ವಾಸನೆಯೂ ಬರುತ್ತದೆ, ಆದರೆ ಸ್ಟಾರ್ಟ್ ಆಗುವ ಸೂಚನೆಯೇ ಇಲ್ಲ. ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಪ್ಲಗ್ ಬದಲಿಸುತ್ತಾರೆ, ಆಮೇಲೆ ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಸಾವಿರಾರು ವೋಲ್ಟಿಗೆ ಏರಿಸುವ ಸುರುಳಿ), ಆಮೇಲೆ ಕಂಡೆನ್ಸರ್ (ಕರೆಂಟ್ ಕಡಿಯುವ ಜಾಗದಲ್ಲಿ ಕಿಡಿ ಹಾರದಂತೆ ತಡೆಯುವ ಪುಟ್ಟ ಭಾಗ). ದಯವಿಟ್ಟು ಹಾಗೆ ಮಾಡಬೇಡಿ. ನಾಲ್ಕು ಪ್ಲಗ್‌ಗಳೂ ಒಂದೇ ಕ್ಷಣಕ್ಕೆ ಕೆಡುವುದು ತೀರಾ ಅಪರೂಪ. ನಾಲ್ಕಕ್ಕೂ ಒಂದೇ ದಾರಿಯಲ್ಲಿ ಕರೆಂಟ್ ಹೋಗಬೇಕು, ಆ ದಾರಿಯಲ್ಲಿ ಎಲ್ಲೋ ತಡೆಯಾಗಿದೆ. ತಡೆ ಕಾಯಿಲಿಗಿಂತ ಮುಂಚೆ ಇದೆಯೋ ನಂತರ ಇದೆಯೋ ಎಂಬುದನ್ನು ಒಂದೇ ಪರೀಕ್ಷೆಯಲ್ಲಿ ತಿಳಿಯಬಹುದು.

ನಾನು ಹೇಳುತ್ತಿರುವುದು ಪಾಯಿಂಟ್ (ಕಾಯಿಲಿನ ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್) ಇರುವ ಪೆಟ್ರೋಲ್ ಗಾಡಿಯ ಬಗ್ಗೆ. ಅಮೆರಿಕದ ಸಂಶೋಧಕ ಚಾರ್ಲ್ಸ್ ಕೆಟರಿಂಗ್ ನೂರು ವರ್ಷಕ್ಕೂ ಹಿಂದೆ ರೂಪಿಸಿಕೊಟ್ಟ ಏರ್ಪಾಡು ಅದು. ನನ್ನದು ಹರಿಕೇನ್ ಇಂಜಿನ್ನಿನ ವಿಲ್ಲೀಸ್ ಜೀಪು. ಕೈಯಲ್ಲೊಂದು ಬಲ್ಬಿನ ಟೆಸ್ಟ್ ಲ್ಯಾಂಪ್ ಮತ್ತು ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿಗಳು) ಇದ್ದರೆ ಬಹುಪಾಲು ಕೆಲಸ ಮುಗಿಯುತ್ತದೆ. ಎಲ್‌ಇಡಿ ಲ್ಯಾಂಪ್ ಬೇಡ. ಕೆಟ್ಟ ಕನೆಕ್ಷನ್ನಿನಲ್ಲೂ ಅದು ಉರಿದು ದಾರಿ ತಪ್ಪಿಸುತ್ತದೆ. ಬಲ್ಬು ಒಂದಿಷ್ಟು ಕರೆಂಟ್ ಎಳೆಯುವುದರಿಂದ ನಿಜ ಹೇಳುತ್ತದೆ.

ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಪೆಟ್ರೋಲ್ ಸೋರಿದ್ದರೆ ಒರೆಸಿ, ಪೂರ್ತಿ ಆರಿದ ಮೇಲೆಯೇ ಮುಂದುವರಿಯಿರಿ. ಡಿಸ್ಟ್ರಿಬ್ಯೂಟರ್ (ಕರೆಂಟನ್ನು ಸರದಿಯಂತೆ ಪ್ಲಗ್‌ಗಳಿಗೆ ಹಂಚುವ ಭಾಗ) ಮೇಲಿನ ಕ್ಯಾಪ್ ತೆಗೆದು, ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ, ಒಳಗಿನ ತಿರುಗುವ ತುಂಡು, ಅಂದರೆ ರೋಟರ್, ತಿರುಗುತ್ತದೆಯೇ ನೋಡಿ. ತಿರುಗದಿದ್ದರೆ ತೊಂದರೆ ಕರೆಂಟಿನದ್ದಲ್ಲ, ಡಿಸ್ಟ್ರಿಬ್ಯೂಟರಿನ ಡ್ರೈವ್ ಕಡೆಯದು.

ತಿರುಗಿದರೆ ಈಗ ಮುಖ್ಯ ಪರೀಕ್ಷೆ. ಕಾಯಿಲಿನಿಂದ ಕ್ಯಾಪಿನ ನಡುವಿಗೆ ಬರುವ ದಪ್ಪ ವಯರನ್ನು ಕ್ಯಾಪ್ ಕಡೆಯಿಂದ ಕೀಳಿ. ಅದರ ತುದಿಯನ್ನು ಇಂಜಿನ್ನಿನ ಬರಿ ಲೋಹದಿಂದ ಸುಮಾರು 5 ಮಿಲಿಮೀಟರ್ ದೂರದಲ್ಲಿ, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು ಸೆಲ್ಫ್ ಹೊಡೆಸಿ. ಬರಿಗೈ ಬೇಡವೇ ಬೇಡ, ಅಲ್ಲಿರುವುದು ಸಾವಿರಾರು ವೋಲ್ಟ್. ಚಟ್ ಚಟ್ ಎಂದು ನೀಲಿ ಕಿಡಿ ಹಾರಿದರೆ ಕಾಯಿಲೂ ಪಾಯಿಂಟೂ ಸರಿಯಿವೆ, ಹುಡುಕಬೇಕಾದ್ದು ಕ್ಯಾಪ್, ರೋಟರ್, ಪ್ಲಗ್ ವಯರ್‌ಗಳಲ್ಲಿ. ಕಿಡಿಯೇ ಇಲ್ಲವೆಂದರೆ ಮೊದಲು ಆ ವಯರ್ ಕಾಯಿಲಿನ ಕಡೆ ಸರಿಯಾಗಿ ಕೂತಿದೆಯೇ ನೋಡಿಕೊಂಡು, ಕಾಯಿಲಿನ ಹಿಂದಕ್ಕೆ ಹೋಗಿ.

ಹಿಂದಕ್ಕೆ ಅಂದರೆ, ಲ್ಯಾಂಪಿನ ಒಂದು ತುದಿಯನ್ನು ಬಾಡಿಗೆ ಸಿಕ್ಕಿಸಿ, ಕೀ ಆನ್ ಮಾಡಿ ಕಾಯಿಲಿನ ಪ್ಲಸ್ ಕಡೆ ಇನ್ನೊಂದು ತುದಿ ಹಿಡಿಯುವುದು (ನೆಗೆಟಿವ್ ಅರ್ತ್, ಅಂದರೆ ಬ್ಯಾಟರಿಯ ಮೈನಸ್ ಬಾಡಿಗೆ ಸೇರಿದ ಗಾಡಿ ಎಂದುಕೊಂಡು ಹೇಳುತ್ತಿದ್ದೇನೆ). ಉರಿಯದಿದ್ದರೆ ಇಗ್ನಿಷನ್ ಸ್ವಿಚ್ ಅಥವಾ ಅಲ್ಲಿಂದ ಬರುವ ವಯರ್. ಕೆಲವು ಗಾಡಿಗಳಲ್ಲಿ ಮಧ್ಯೆ ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲಿಗೆ ಹೋಗುವ ಕರೆಂಟನ್ನು ತಗ್ಗಿಸುವ ಭಾಗ) ಇರುತ್ತದೆ. ಸೆಲ್ಫ್ ಹೊಡೆಯುವಾಗ ಇಂಜಿನ್ ಹಿಡಿದು, ಕೀ ಬಿಟ್ಟ ಕೂಡಲೇ ಸಾಯುತ್ತಿದ್ದರೆ ನನ್ನ ಮೊದಲ ಅನುಮಾನ ಅದರ ಮೇಲೆಯೇ.

ಪ್ಲಸ್ ಕಡೆ ಉರಿದರೆ ಲ್ಯಾಂಪನ್ನು ಮೈನಸ್ ಕಡೆಗೆ, ಅಂದರೆ ಡಿಸ್ಟ್ರಿಬ್ಯೂಟರಿಗೆ ಹೋಗುವ ಟರ್ಮಿನಲ್ಲಿಗೆ ಹಿಡಿದು ಸೆಲ್ಫ್ ಹೊಡೆಸಿ. ಪಾಯಿಂಟ್ ತೆರೆದಾಗ ಲ್ಯಾಂಪ್ ಉರಿಯಬೇಕು, ಮುಚ್ಚಿದಾಗ ಆರಬೇಕು. ಮಿಣುಕುತ್ತಿದ್ದರೆ ಪಾಯಿಂಟ್ ಕೆಲಸ ಮಾಡುತ್ತಿದೆ. ಆರದೇ ಉರಿಯುತ್ತಲೇ ಇದ್ದರೆ ಪಾಯಿಂಟ್ ಮುಟ್ಟುತ್ತಿಲ್ಲ, ಅಥವಾ ಮುಟ್ಟಿದರೂ ಅರ್ತ್ ಆಗುತ್ತಿಲ್ಲ. ಉರಿಯುವುದೇ ಇಲ್ಲವೆಂದರೆ ಡಿಸ್ಟ್ರಿಬ್ಯೂಟರಿಗೆ ಹೋಗುವ ತೆಳು ವಯರ್ ಬಿಚ್ಚಿ ಮತ್ತೆ ನೋಡಿ. ಈಗ ಉರಿದರೆ ಒಳಗೆ ಎಲ್ಲೋ ಶಾರ್ಟ್ ಆಗಿದೆ, ಇಲ್ಲವೇ ಪಾಯಿಂಟ್ ತೆರೆಯುತ್ತಲೇ ಇಲ್ಲ. ಈಗಲೂ ಉರಿಯದಿದ್ದರೆ ಕಾಯಿಲಿನೊಳಗಿನ ಪ್ರೈಮರಿ (ಪ್ಲಸ್-ಮೈನಸ್ ಟರ್ಮಿನಲ್‌ಗಳ ನಡುವಿನ ಸುತ್ತು) ಕಡಿದಿದೆ.

ಕಾಡು ಗುಡ್ಡ ಸುತ್ತುವ ಗಾಡಿಯಲ್ಲಿ ಪಾಯಿಂಟಿನ ಬಗ್ಗೆ ವಿಶೇಷ ಗಮನ ಬೇಕು. ಧೂಳು ಸೇರಿ, ಗ್ರೀಸ್ ಒಣಗಿ, ತಿರುಗುತ್ತಾ ಪಾಯಿಂಟ್ ತೆರೆಸುವ ಕ್ಯಾಮಿಗೆ ಉಜ್ಜುವ ಫೈಬರ್ ತುಂಡು ಸವೆಯುತ್ತದೆ. ಅದು ಸವೆದಷ್ಟೂ ಗ್ಯಾಪ್ ಕಡಿಮೆಯಾಗುತ್ತಾ ಹೋಗಿ ಒಂದು ದಿನ ಪಾಯಿಂಟ್ ತೆರೆಯುವುದನ್ನೇ ನಿಲ್ಲಿಸುತ್ತದೆ. ನನ್ನ ಇಂಜಿನ್ನಿಗೆ ಗ್ಯಾಪ್ 0.020 ಇಂಚು, ಸುಮಾರು ಅರ್ಧ ಮಿಲಿಮೀಟರ್. ನಿಮ್ಮದಕ್ಕೆ ಎಷ್ಟು ಎಂದು ಮ್ಯಾನುಯಲ್ ನೋಡಿ. ತಿಂಗಳುಗಟ್ಟಲೆ ನಿಂತ ಗಾಡಿಯದು ಬೇರೆ ಕತೆ. ಪಾಯಿಂಟ್ ನೋಡಲು ಸ್ವಚ್ಛವಾಗಿರುತ್ತದೆ, ಮೇಲೆ ಕಣ್ಣಿಗೆ ಕಾಣದ ಪದರ ಕೂತು ಕರೆಂಟ್ ದಾಟುವುದಿಲ್ಲ. ಪಾಯಿಂಟ್ ಫೈಲಿನಿಂದ ಹಗುರಾಗಿ ಉಜ್ಜಿ, ಎಣ್ಣೆ ಸೋಂಕದ ದಪ್ಪ ಕಾಗದವನ್ನು ನಡುವೆ ಎಳೆದು ಪುಡಿ ತೆಗೆಯಿರಿ.

ಅಲ್ಲೇ ಒಳಗಿರುವ ಗಿಡ್ಡ ವಯರ್‌ಗಳನ್ನು ಮರೆಯಬೇಡಿ. ವ್ಯಾಕ್ಯೂಮ್ ಅಡ್ವಾನ್ಸ್ (ಇಂಜಿನ್ನಿನ ಗಾಳಿಯ ಎಳೆತದಿಂದ ಕಿಡಿಯ ಸಮಯ ಹೊಂದಿಸುವ ಏರ್ಪಾಡು) ಇರುವ ಡಿಸ್ಟ್ರಿಬ್ಯೂಟರಿನಲ್ಲಿ ಪಾಯಿಂಟ್ ಕೂತ ತಟ್ಟೆ ಸದಾ ಅಲುಗಾಡುತ್ತದೆ. ಮೇಲಿನ ಹೊದಿಕೆ ಸರಿಯಿದ್ದೂ ಒಳಗಿನ ಎಳೆಗಳು ತುಂಡಾಗಿರುತ್ತವೆ. ಮೆಲ್ಲಗೆ ಎಳೆದಾಗ ರಬ್ಬರಿನಂತೆ ಹಿಗ್ಗಿದರೆ ಕಡಿದಿದೆ ಎಂದೇ ಲೆಕ್ಕ. ಯಾರಾದರೂ ಇತ್ತೀಚೆಗೆ ಪಾಯಿಂಟ್ ಬದಲಿಸಿದ್ದರೆ ಟರ್ಮಿನಲ್ಲಿನ ಇನ್ಸುಲೇಷನ್ ವಾಷರ್ ಸರಿಯಾದ ಜಾಗದಲ್ಲಿದೆಯೇ ನೋಡಿ. ಅದು ಆಚೀಚೆಯಾದರೆ ಇಡೀ ಸರ್ಕ್ಯೂಟ್ ಬಾಡಿಗೆ ಶಾರ್ಟ್ ಆಗುತ್ತದೆ.

ಕಂಡೆನ್ಸರ್ ಶಾರ್ಟ್ ಆಗಿದ್ದರೆ ಕಿಡಿಯೇ ಬರದು. ಅದರ ವಯರ್ ಬಿಚ್ಚಿದಾಗ ಬಡಕಲು ಕಿಡಿಯಾದರೂ ಬಂದರೆ ತಪ್ಪು ಅದರದ್ದೇ. ಒಳಗೆ ಕಡಿದಿದ್ದರೆ ಕಿಡಿ ಹಳದಿಯಾಗಿ, ಸಣ್ಣಗೆ ಬರುತ್ತದೆ, ಪಾಯಿಂಟ್ ಮಧ್ಯೆ ಜೋರಾಗಿ ಮಿಂಚುತ್ತದೆ. ಪರೀಕ್ಷೆಗೆ ಓಡುತ್ತಿರುವ ಗಾಡಿಯ ಕಂಡೆನ್ಸರನ್ನೇ ಹಾಕಿ ನೋಡಿ. ಹೊಸದು ಎಂದ ಮಾತ್ರಕ್ಕೆ ನಾನು ನಂಬುವುದಿಲ್ಲ, ಚೆನ್ನಾಗಿ ಓಡಿದ ಹಳೆಯದೊಂದನ್ನು ಗಾಡಿಯಲ್ಲೇ ಇಟ್ಟುಕೊಂಡಿರುತ್ತೇನೆ.

ಲ್ಯಾಂಪ್ ಮಿಣುಕಿಯೂ, ಕಂಡೆನ್ಸರ್ ಬದಲಿಸಿಯೂ ನಡುವಿನ ವಯರಿನಲ್ಲಿ ಕಿಡಿ ಇಲ್ಲದಿದ್ದಾಗ ಮಾತ್ರ ಕಾಯಿಲಿಗೆ ಕೈ ಹಾಕಿ. ಬ್ಯಾಲಸ್ಟ್ ಬೇಡದ 12 ವೋಲ್ಟ್ ಕಾಯಿಲಿನ ಪ್ರೈಮರಿ ಸಾಮಾನ್ಯವಾಗಿ 3 ಓಮ್ ಆಸುಪಾಸು, ಬ್ಯಾಲಸ್ಟ್ ಬೇಕಾದ್ದು 1.5 ಓಮ್ ಆಸುಪಾಸು ತೋರಿಸುತ್ತದೆ. ಸೆಕೆಂಡರಿ (ಹೆಚ್ಚು ವೋಲ್ಟಿನ ಸುತ್ತು) ಸಾವಿರಾರು ಓಮ್ ಲೆಕ್ಕದಲ್ಲಿರುತ್ತದೆ. ಬಿಸಿಯಾದಾಗ ಮಾತ್ರ ಕೈಕೊಡುವ ಕಾಯಿಲನ್ನು ಬಿಸಿಯಿದ್ದಾಗಲೇ ಅಳೆಯಬೇಕು. ಪರೀಕ್ಷೆಯ ನಡುವೆ ಕೀ ಆನ್‌ನಲ್ಲೇ ಬಿಟ್ಟು ಹೋಗಬೇಡಿ. ಪಾಯಿಂಟ್ ಮುಚ್ಚಿದ್ದರೆ ಒಳ್ಳೆಯ ಕಾಯಿಲೂ ಕಾದು ಹಾಳಾಗುತ್ತದೆ.

ಇನ್ನು ಕಾಯಿಲಿನ ಆಚೆ. ಹೊಳೆ ದಾಟಿದ ಮೇಲೆ ನಿಂತ ಗಾಡಿಯಾದರೆ ಕ್ಯಾಪಿನೊಳಗೆ ತೇವ, ಒಣಬಟ್ಟೆಯಲ್ಲಿ ಒರೆಸಿದರೆ ಸಾಕಾಗಬಹುದು. ಒಳಗೋಡೆಯಲ್ಲಿ ಪೆನ್ಸಿಲ್ ಗೀರಿನಂಥ ಕಪ್ಪು ಗೆರೆ ಕಂಡರೆ ಕ್ಯಾಪ್ ಬದಲಿಸಿ. ನಡುವಿನ ಕಾರ್ಬನ್ ಗುಂಡಿ ಒತ್ತಿದರೆ ಪುಟಿಯಬೇಕು. ರೋಟರ್ ಪರೀಕ್ಷೆಗೆ, ಅದನ್ನು ಅದರ ಜಾಗದಲ್ಲೇ ಬಿಟ್ಟು, ಕಾಯಿಲಿನ ವಯರಿನ ತುದಿಯನ್ನು ರೋಟರಿನ ಲೋಹದ ಸಮೀಪ ಇಕ್ಕಳದಲ್ಲೇ ಹಿಡಿದು ಸೆಲ್ಫ್ ಹೊಡೆಸಿ. ಮತ್ತೆ ಮತ್ತೆ ಕಿಡಿ ಹಾರಿದರೆ ರೋಟರ್ ಒಳಗಿಂದ ಶಾಫ್ಟಿಗೆ ಸೋರುತ್ತಿದೆ. ಪ್ಲಗ್ ವಯರ್ ಕೀಳುವ ಮುನ್ನ ಗುರುತು ಹಾಕಿಕೊಳ್ಳಿ. ನನ್ನದರ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಸರದಿ, 1-3-4-2.

ಪಾಯಿಂಟಿನ ಗ್ಯಾಪ್ ಮುಟ್ಟಿದ್ದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ, ಕೂಡ ಸರಿದಿರುತ್ತದೆ. ಇಂಜಿನ್ ಸ್ಟಾರ್ಟ್ ಆಯಿತೆಂದು ಹಾಗೇ ಹೊರಡದೆ ಟೈಮಿಂಗ್ ಲೈಟ್ ಹಿಡಿದು ಸರಿಮಾಡಿಕೊಳ್ಳಿ.