ಹಾರ್ಮೋನ್ ಚಿಕಿತ್ಸೆ: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುರು ಮಾಡುವುದು ಹೇಗೆ?

ಹಾರ್ಮೋನ್ ಕೇಳಿಕೊಂಡು ಬರುವ ಟ್ರಾನ್ಸ್ ಮಹಿಳೆಯರಲ್ಲಿ (ಹುಟ್ಟಿದಾಗ ಗಂಡೆಂದು ಗುರುತಿಸಿದ, ಆದರೆ ಹೆಣ್ಣಾಗಿ ಬಾಳುವವರಲ್ಲಿ) ಹಲವರು ಅದಾಗಲೇ ಮೆಡಿಕಲ್ ಶಾಪ್‌ನಿಂದ ಗರ್ಭನಿರೋಧಕ ಮಾತ್ರೆ ತಂದು, ಬೇಗ ಫಲ ಕಾಣಲೆಂದು ದಿನಕ್ಕೆ ಎರಡು ಮೂರು ನುಂಗುತ್ತಿರುತ್ತಾರೆ. ಹಾಗಾಗಿ ವೈದ್ಯರ ಮೊದಲ ಪ್ರಶ್ನೆ, ಈಗ ಏನು ತೆಗೆದುಕೊಳ್ಳುತ್ತಿದ್ದೀರಿ? ಆ ಮಾತ್ರೆಯಲ್ಲಿರುವ ಎಥಿನೈಲ್ ಎಸ್ಟ್ರಡಯಾಲ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಬೀಡಿ, ಸಿಗರೇಟು ಸೇರಿದರೆ ಇನ್ನೂ ಹೆಚ್ಚು. ಬೈದು ಕಳಿಸಿದರೆ ಮನೆಗೆ ಹೋಗಿ ಅದನ್ನೇ ನುಂಗುತ್ತಾರೆ, ಅಷ್ಟೆ. ಅದನ್ನು ಬಿಡಿಸಿ ಸರಿಯಾದ ಔಷಧಿ ಕೊಡಬೇಕು.

ಚೀಟಿ ಬರೆಯುವಾಗಲೇ ಅವರು ಬಳಸುವ ಹೆಸರು ಕೇಳಿ. ಆಧಾರ್‌ನಲ್ಲಿ ಬೇರೆ ಇದ್ದರೂ ಸರದಿಯಲ್ಲಿ ಕೂಗುವುದು ಇದನ್ನೇ. ಬಿ.ಪಿ., ತೂಕ, ಹಿಂದೆ ರಕ್ತ ಹೆಪ್ಪುಗಟ್ಟಿತ್ತೇ ಎಂಬುದು, ಹಿಮೋಗ್ಲೋಬಿನ್, ಸಕ್ಕರೆ, ಕೊಬ್ಬು, ಯಕೃತ್ತು, ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಕೊಳ್ಳಿ. ಹಾರ್ಮೋನ್ ಕೊಡಲು ಜನನಾಂಗ ಪರೀಕ್ಷೆ ಬೇಕಿಲ್ಲ. ಎಸ್ಟ್ರೋಜನ್‌ನಿಂದ (ಹೆಣ್ಣು ಹಾರ್ಮೋನ್) ಬೆಳೆದ ಸ್ತನ, ಟೆಸ್ಟೊಸ್ಟೆರಾನ್‌ನಿಂದ (ಗಂಡು ಹಾರ್ಮೋನ್) ಒಡೆದ ಧ್ವನಿ ಔಷಧಿ ಬಿಟ್ಟರೂ ಹಿಂದಕ್ಕೆ ಹೋಗುವುದಿಲ್ಲ, ಮುಂದೆ ಮಕ್ಕಳಾಗುವುದು ಕಷ್ಟವಾಗಬಹುದು ಎಂಬುದನ್ನು ತಿಳಿಸಿಯೇ ಒಪ್ಪಿಗೆ ಪಡೆಯಿರಿ.

ಟ್ರಾನ್ಸ್ ಮಹಿಳೆಯರಿಗೆ ಎಸ್ಟ್ರಡಯಾಲ್ ವ್ಯಾಲರೇಟ್ ಎಂಬ ಎಸ್ಟ್ರೋಜನ್ ಮಾತ್ರೆ ದಿನಕ್ಕೆ 2 ಮಿ.ಗ್ರಾಂ.ನಿಂದ ಶುರು ಮಾಡಿ, ತಿಂಗಳುಗಳ ಅಂತರದಲ್ಲಿ 4–6ಕ್ಕೆ ಏರಿಸಬಹುದು. ಜೊತೆಗೆ ಟೆಸ್ಟೊಸ್ಟೆರಾನ್ ಕೆಲಸ ತಡೆಯುವ ಸ್ಪೈರೊನೊಲ್ಯಾಕ್ಟೋನ್ 50 ಮಿ.ಗ್ರಾಂ., ಬೇಕಾದರೆ 100–200. ಇದು ಪೊಟ್ಯಾಸಿಯಂ ಏರಿಸುತ್ತದೆ, ಬಿ.ಪಿ.ಗೆ ಎನಲಾಪ್ರಿಲ್, ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರಲ್ಲಿ ವಿಶೇಷ ಎಚ್ಚರ ಬೇಕು. ‘ನಿರ್ವಾಣ’ (ಸಮುದಾಯದಲ್ಲಿ ಈ ಶಸ್ತ್ರಕ್ರಿಯೆಗೆ ಹೇಳುವ ಹೆಸರು) ಆಗಿ ವೃಷಣ ತೆಗೆಸಿಕೊಂಡವರಿಗೆ ಸ್ಪೈರೊನೊಲ್ಯಾಕ್ಟೋನ್ ಸಾಮಾನ್ಯವಾಗಿ ಬೇಡ. ಆದರೆ ಎಸ್ಟ್ರೋಜನ್ ನಿಲ್ಲಿಸಬಾರದು. ಯಾವ ಹಾರ್ಮೋನೂ ಇಲ್ಲದೆ ವರ್ಷಗಟ್ಟಲೆ ಕಳೆದರೆ ಮೂಳೆ ಟೊಳ್ಳಾಗುತ್ತದೆ. ಇದನ್ನು ಹೇಳುವವರೇ ಕಡಿಮೆ.

ಟ್ರಾನ್ಸ್ ಪುರುಷರಿಗೆ (ಹುಟ್ಟಿದಾಗ ಹೆಣ್ಣೆಂದು ಗುರುತಿಸಿದ, ಆದರೆ ಗಂಡಾಗಿ ಬಾಳುವವರಿಗೆ) ಟೆಸ್ಟೊಸ್ಟೆರಾನ್ ಇಂಜೆಕ್ಷನ್, 250 ಮಿ.ಗ್ರಾಂ. ಆಂಪೂಲ್ ಆದರೆ 3–4 ವಾರಕ್ಕೊಮ್ಮೆ. ಕೆಲವು ಆಂಪೂಲ್‌ಗಳಲ್ಲಿ ಕಡಲೆಕಾಯಿ ಎಣ್ಣೆ ಇರುತ್ತದೆ, ಅಲರ್ಜಿ ಕೇಳಿಕೊಳ್ಳಿ. ಮುಟ್ಟು ನಿಂತರೂ ಗರ್ಭ ನಿಲ್ಲಬಹುದು, ಟೆಸ್ಟೊಸ್ಟೆರಾನ್ ಗರ್ಭನಿರೋಧಕವಲ್ಲ. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪ್ರಮಾಣ) ಶೇ 54 ದಾಟಿದರೆ ಡೋಸ್ ತಗ್ಗಿಸಿ ಅಥವಾ ತಡೆಹಿಡಿದು, ಕಾರಣ ಹುಡುಕಿ.

ಮೊದಲ ವರ್ಷ 3 ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಟ್ರಾನ್ಸ್ ಮಹಿಳೆಯರಲ್ಲಿ ಎಸ್ಟ್ರಡಯಾಲ್ 100–200 ಪಿಕೋಗ್ರಾಂ/ಮಿ.ಲೀ., ಟೆಸ್ಟೊಸ್ಟೆರಾನ್ 50 ನ್ಯಾನೋಗ್ರಾಂ/ಡೆ.ಲೀ.ಗಿಂತ ಕಡಿಮೆ ಇದ್ದರೆ ಸಾಕು. ಅದಕ್ಕಿಂತ ಹೆಚ್ಚು ಕೊಟ್ಟರೆ ಸ್ತನ ಬೇಗ ಬೆಳೆಯುವುದಿಲ್ಲ. ಪೂರ್ಣ ಬೆಳವಣಿಗೆಗೆ 2–3 ವರ್ಷ ಹಿಡಿಯುತ್ತದೆ.

ಒಂದೇ ಕಾಲು ಊದಿ ನೋಯುತ್ತಿದ್ದರೆ, ಎದೆನೋವು, ಏದುಸಿರು ಬಂದರೆ ಎಸ್ಟ್ರೋಜನ್ ನಿಲ್ಲಿಸಿ ಅಂದೇ ದೊಡ್ಡ ಆಸ್ಪತ್ರೆಗೆ ಕಳಿಸಿ. 18 ತುಂಬದವರನ್ನೂ ಹಿಂದೆ ರಕ್ತ ಹೆಪ್ಪುಗಟ್ಟಿದ್ದವರನ್ನೂ ಮೊದಲೇ ತಜ್ಞರ ಬಳಿ ಕಳಿಸುವುದು ಸರಿ.